ರಾತ್ರಿ ಹತ್ತರ ನಂತರ ಮಾಪಕ ಬೇಡ, ಗಡಿಯಾರ ಸಾಕು

ಬೆಂಗಳೂರಿನ ಪೊಲೀಸ್ ಇಲಾಖೆ, ನಗರ ಪಾಲಿಕೆಗಳು, ಜಲಮಂಡಳಿ ಹಾಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳಿಗೆ,

ಮಾನ್ಯರೇ,

ರಾತ್ರಿ ಹತ್ತು ಗಂಟೆಯ ನಂತರ ವಸತಿ ಬಡಾವಣೆಗಳಲ್ಲಿ ನಡೆಯುವ ಗದ್ದಲವನ್ನು ನಿಲ್ಲಿಸಲು ಹೊಸ ಕಾನೂನೇನೂ ಬೇಕಾಗಿಲ್ಲ, ಹೆಚ್ಚಿನ ಸಂದರ್ಭಗಳಲ್ಲಿ ಶಬ್ದ ಅಳೆಯುವ ಯಂತ್ರವೂ ಬೇಕಾಗಿಲ್ಲ ಎಂಬುದನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಈಗಾಗಲೇ ಇರುವ ನಿಯಮವನ್ನು ಅದರಲ್ಲಿ ಬರೆದಿರುವಂತೆಯೇ ಓದಿಕೊಂಡರೆ, ದೂರು ಬಂದ ಜಾಗಕ್ಕೆ ಹೋದ ಪೊಲೀಸ್ ಸಿಬ್ಬಂದಿ ತಮ್ಮ ಕೈಗಡಿಯಾರವನ್ನು ನೋಡಿ ಅಲ್ಲಿಯೇ ಕ್ರಮ ಕೈಗೊಳ್ಳಬಹುದು. ಹಾಗೆ ಆಗದಿರುವುದರಿಂದ ನಮ್ಮಂಥವರ ಮನೆಗಳಲ್ಲಿ ಏನಾಗುತ್ತಿದೆ ಎಂಬುದನ್ನು ಮೊದಲು ಹೇಳುತ್ತೇನೆ.

ಕಳೆದ ಬೇಸಿಗೆಯ ಒಂದು ರಾತ್ರಿ, ಹತ್ತೂ ಮುಕ್ಕಾಲರ ಸುಮಾರಿಗೆ, ನಮ್ಮ ಮನೆಯ ಪಕ್ಕದ ಮೂವತ್ತು-ನಲವತ್ತರ ಖಾಲಿ ಸೈಟಿಗೆ ಎರಡು ಲಾರಿಗಳು ಬಂದು ನಿಂತವು. ಒಂದು ಬೋರ್‌ವೆಲ್ ಕೊರೆಯುವ ಲಾರಿ, ಇನ್ನೊಂದು ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಹೊತ್ತ ಲಾರಿ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ಎಂಬತ್ತೆರಡು ವರ್ಷದ ನನ್ನ ತಾಯಿ ಆಸ್ಪತ್ರೆಯಿಂದ ಮನೆಗೆ ಬಂದು ಆಗ ಹತ್ತು ದಿನವೂ ಆಗಿರಲಿಲ್ಲ. ಅವರು ಮಲಗಿದ್ದ ಕೋಣೆಗೂ ಆ ಯಂತ್ರಕ್ಕೂ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ ಮತ್ತು ಮುಚ್ಚಿದ ಕಿಟಕಿ. ಕೊರೆಯಲು ಶುರುವಾದ ಮೇಲೆ ಹಾಸಿಗೆಯ ಪಕ್ಕದ ಮೇಜಿನ ಮೇಲಿದ್ದ ಸ್ಟೀಲ್ ಲೋಟ ತಾನೇ ಸರಿದು ಅಂಚಿಗೆ ಬಂತು. ಅದನ್ನು ತೆಗೆದು ನೆಲದ ಮೇಲಿಟ್ಟೆ. ಇಪ್ಪತ್ತು ಅಡಿ ಕೊರೆದಾದ ಮೇಲೆ ಹೊಸ ರಾಡ್ ಜೋಡಿಸುವುದಕ್ಕಾಗಿ ಸದ್ದು ಒಂದೆರಡು ನಿಮಿಷ ಇಳಿಯುತ್ತಿತ್ತು. ಪ್ರತಿ ಸಲ ಇಳಿದಾಗಲೂ ಅಮ್ಮ "ಮುಗೀತೇನೋ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಕೇಳಿ, ಮತ್ತೆ ಅದೇ ಅಬ್ಬರ. ಬೆಳಗಿನ ಜಾವ ನಾಲ್ಕರವರೆಗೆ ಅದು ಹಾಗೆಯೇ ನಡೆಯಿತು. ಬೆಳಕು ಹರಿದಾಗ ತುಳಸಿ ಗಿಡ, ಸ್ಕೂಟರು, ಒಣಹಾಕಿದ್ದ ಬಟ್ಟೆ ಎಲ್ಲದರ ಮೇಲೂ ಬಿಳಿ ಕಲ್ಲುಪುಡಿ ಕೂತಿತ್ತು.

ಆ ರಾತ್ರಿ ನಾನು 112ಕ್ಕೆ ಕರೆ ಮಾಡಿದ್ದೆ. ಹೊಯ್ಸಳ ವಾಹನ ತಡಮಾಡದೆ ಬಂತು. ಬಂದ ಇಬ್ಬರು ಸಿಬ್ಬಂದಿಯೂ ಸಭ್ಯರೇ. ಹಗಲು ಹೊತ್ತು ದೊಡ್ಡ ಲಾರಿಯನ್ನು ಒಳಗೆ ಬಿಡುವುದಿಲ್ಲ, ಅನುಮತಿ ಪತ್ರ ಮಾಲೀಕರ ಬಳಿ ಇದೆ ಎಂದು ಬೋರ್‌ವೆಲ್ ಏಜೆಂಟ್ ಹೇಳಿದ್ದನ್ನು ಅವರು ಕೇಳಿಸಿಕೊಂಡರು. ಆಮೇಲೆ ಅವರಲ್ಲಿ ಹಿರಿಯರು ನನ್ನ ಬಳಿ ಬಂದು, "ಸರ್, ಇದು ಎಷ್ಟು ಡೆಸಿಬಲ್ ಅಂತ ನಾವು ಹೇಗೆ ಹೇಳೋದು? ಅಳೆಯೋ ಮಿಷನ್ ನಮ್ಮ ಹತ್ರ ಇರಲ್ಲ. ಬೆಳಿಗ್ಗೆ ಪೊಲ್ಯೂಷನ್ ಬೋರ್ಡಿಗೆ ಒಂದು ಕಂಪ್ಲೇಂಟ್ ಕೊಡಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಕೈಯಲ್ಲಿ ಅಧಿಕಾರ ಇದೆ ಎಂಬುದನ್ನು ಅವರಿಗೆ ಯಾರೂ ಬರೆದು ಕೊಟ್ಟಿಲ್ಲ ಎಂಬುದೇ ನನ್ನ ದುಃಖ. ಬೆಳಿಗ್ಗೆ ಯಾವ ಕಚೇರಿಯವರು ಬಂದರೂ ಆ ಸೈಟಿನಲ್ಲಿ ಅಳೆಯಲು ಸಿಗುವುದು ಒಂದು ಕೇಸಿಂಗ್ ಪೈಪು ಮತ್ತು ಒಂದಷ್ಟು ಕೆಸರು ಮಾತ್ರ.

ಆಮೇಲೆ ನಾನು ಆ ನಿಯಮಗಳನ್ನು ತರಿಸಿಕೊಂಡು ಓದಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳನ್ನು ಜಾರಿಗೆ ತಂದಿತು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿ ಎಂದು ಅದು ದಿನವನ್ನು ಎರಡಾಗಿ ಭಾಗ ಮಾಡಿದೆ. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಈ ಅಂಕಿಗಳು ಎಲ್ಲರಿಗೂ ಪರಿಚಿತ, ಏಕೆಂದರೆ ಶಬ್ದದ ಮಾತು ಬಂದಾಗಲೆಲ್ಲ ಇವನ್ನೇ ಮುಂದಿಡುತ್ತಾರೆ. ಇವುಗಳ ಮೇಲೆಯೇ ಎಲ್ಲರ ಕಣ್ಣು ನೆಟ್ಟಿರುವುದರಿಂದ, ಅಳತೆಯ ಹಂಗಿಲ್ಲದ ಭಾಗ ಯಾರ ಗಮನಕ್ಕೂ ಬರುತ್ತಿಲ್ಲ.

ಆ ಭಾಗ ಹೀಗಿದೆ. ಐದನೇ ನಿಯಮದ ಪ್ರಕಾರ ಧ್ವನಿವರ್ಧಕ, ವಾದ್ಯ ಅಥವಾ ಸದ್ದು ಹೊರಡಿಸುವ ಯಾವುದೇ ಸಾಧನವನ್ನು ರಾತ್ರಿ ವೇಳೆಯಲ್ಲಿ ಬಳಸುವಂತಿಲ್ಲ. ಸಭಾಂಗಣದಂಥ ಮುಚ್ಚಿದ ಜಾಗದೊಳಗೆ, ಒಳಗಿನವರಿಗಷ್ಟೇ ಕೇಳುವಂತೆ ಬಳಸುವುದು ಮತ್ತು ಸಾರ್ವಜನಿಕ ತುರ್ತು ಸಂದರ್ಭ, ಇವೆರಡಕ್ಕೆ ವಿನಾಯಿತಿಯುಂಟು. 2010ರ ತಿದ್ದುಪಡಿಯಲ್ಲಿ ಸೇರಿಸಿದ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಹಾರ್ನ್ ಹೊಡೆಯುವಂತಿಲ್ಲ, ಸದ್ದು ಮಾಡುವ ಪಟಾಕಿ ಸಿಡಿಸುವಂತಿಲ್ಲ, ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಓಡಿಸುವಂತಿಲ್ಲ. ಇಷ್ಟು ಡೆಸಿಬಲ್ ಮೀರಿದರೆ ಓಡಿಸಬೇಡಿ ಎಂದು ಅಲ್ಲಿ ಬರೆದಿಲ್ಲ. ಓಡಿಸಲೇಬಾರದು ಎಂದಿದೆ. ಅದೇ ತಿದ್ದುಪಡಿ ಏಳನೇ ನಿಯಮವನ್ನೂ ಬದಲಿಸಿತು. ಮೊದಲು ಶಬ್ದದ ಮಟ್ಟ ನಿಗದಿತ ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೇಲೆ ಹೋದಾಗ ದೂರು ಕೊಡಬಹುದಿತ್ತು. ತಿದ್ದುಪಡಿಯ ನಂತರ, ರಾತ್ರಿಯ ನಿರ್ಬಂಧಗಳಲ್ಲಿ ಯಾವುದನ್ನು ಮುರಿದರೂ ಅದೊಂದೇ ಕಾರಣಕ್ಕೆ ನಾಗರಿಕರು ದೂರು ಕೊಡಬಹುದು. ಅಂದರೆ ನಮ್ಮ ಪಕ್ಕದ ಸೈಟಿನಲ್ಲಿ ಆ ರಾತ್ರಿ ಸಾಬೀತಾಗಬೇಕಿದ್ದ ಸಂಗತಿಗಳು ಎರಡೇ: ಯಂತ್ರ ಓಡುತ್ತಿತ್ತು, ಗಂಟೆ ಹನ್ನೊಂದಾಗಿತ್ತು. ಎರಡಕ್ಕೂ ಆ ಪೊಲೀಸ್ ಸಿಬ್ಬಂದಿಯೇ ಪ್ರತ್ಯಕ್ಷ ಸಾಕ್ಷಿಗಳಾಗಿದ್ದರು.

ಬೋರ್‌ವೆಲ್ ಲಾರಿ ನಿರ್ಮಾಣ ಯಂತ್ರವೇ ಎಂಬ ಪ್ರಶ್ನೆಯನ್ನು ಆ ಏಜೆಂಟರೇ ಎತ್ತಿದ್ದರು. ಮನೆ ಕಟ್ಟಲೆಂದೇ ಕೊರೆಸುವ ಬಾವಿ ನಿರ್ಮಾಣದ ಮೊದಲ ಹೆಜ್ಜೆ ಎಂದು ನಾನು ತಿಳಿಯುತ್ತೇನೆ. ಆದರೆ ಇಂಥ ವಾದ ಸರಿರಾತ್ರಿ ಬೀದಿಯಲ್ಲಿ ನಿಂತು ತೀರ್ಮಾನಿಸುವಂಥದ್ದಲ್ಲ. 2024ರ ಬೇಸಿಗೆಯ ನೀರಿನ ಬಿಕ್ಕಟ್ಟಿನಲ್ಲಿ ನಗರದೊಳಗೆ ಕೊಳವೆಬಾವಿ ಕೊರೆಸಲು ಜಲಮಂಡಳಿಯ ಅನುಮತಿ ಕಡ್ಡಾಯ ಎಂದು ಸಾರಲಾಯಿತು. ಆ ಅನುಮತಿ ಪತ್ರದಲ್ಲಿಯೇ "ಬೆಳಿಗ್ಗೆ 6ರಿಂದ ರಾತ್ರಿ 10ರ ನಡುವೆ ಮಾತ್ರ ಕೊರೆಯತಕ್ಕದ್ದು, ಈ ಪತ್ರದ ಪ್ರತಿ ಲಾರಿಯಲ್ಲಿ ಇರತಕ್ಕದ್ದು" ಎಂಬ ಎರಡು ಷರತ್ತು ಸೇರಿಸಿದರೆ ವಾದವೇ ಉಳಿಯುವುದಿಲ್ಲ. ಪತ್ರ ಇಲ್ಲದಿದ್ದರೆ ಕೆಲಸ ನಿಲ್ಲಬೇಕು, ಪತ್ರ ಇದ್ದರೆ ಹೊತ್ತು ಮೀರಿದ್ದಕ್ಕೆ ನಿಲ್ಲಬೇಕು.

ಆದರೆ ಆ ಏಜೆಂಟ್ ಹೇಳಿದ ಇನ್ನೊಂದು ಮಾತನ್ನು ನಾನು ಬಹಳ ಯೋಚಿಸಿದೆ, ಏಕೆಂದರೆ ಅದರಲ್ಲಿ ಸತ್ಯವಿದೆ. ಹಗಲಿನ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳು ನಗರದೊಳಗೆ ಓಡಾಡುವಂತಿಲ್ಲ. ಆ ನಿರ್ಬಂಧ ಅಗತ್ಯವಾದದ್ದೇ. ಅದರ ಪರಿಣಾಮವಾಗಿ ಜಲ್ಲಿ, ಎಂ-ಸ್ಯಾಂಡ್, ಕಬ್ಬಿಣ ಇಳಿಸುವ ಕೆಲಸವೂ ಮೋಲ್ಡ್ ಹಾಕುವ ಕೆಲಸವೂ ರಾತ್ರಿಗೆ ಜಾರಿಕೊಂಡಿವೆ. ಕಲಸಿದ ಕಾಂಕ್ರೀಟು ಕೆಲವು ಗಂಟೆಗಳಲ್ಲೇ ಬಿಗಿಯುತ್ತದೆ, ಹಾಗಾಗಿ ರೆಡಿಮಿಕ್ಸ್ ಲಾರಿಯನ್ನು ರಸ್ತೆ ಬದಿಯಲ್ಲಿ ಕಾಯಿಸುವಂತಿಲ್ಲ; ಅದು ರಾತ್ರಿ ಹನ್ನೊಂದಕ್ಕೆ ಬಂದರೆ ಪಂಪು, ವೈಬ್ರೇಟರು, ಕೆಲಸಗಾರರ ಕೂಗು ಎಲ್ಲವೂ ಹನ್ನೊಂದಕ್ಕೇ ಶುರುವಾಗುತ್ತವೆ. ಒಂದು ಇಲಾಖೆ ಹಗಲಿನ ರಸ್ತೆಯನ್ನು ಸುಗಮಗೊಳಿಸಲು ಮಾಡಿದ ನಿಯಮ ಇನ್ನೊಂದು ನಿಯಮದ ರಾತ್ರಿಯನ್ನು ಕೆಡಿಸುತ್ತಿದೆ, ಎರಡೂ ಇಲಾಖೆಗಳು ಒಂದೇ ಮೇಜಿನ ಮುಂದೆ ಕುಳಿತು ಇದನ್ನು ಮಾತಾಡಿದಂತೆ ಕಾಣುವುದಿಲ್ಲ. ಬೆಳಗಿನ ಮತ್ತು ಸಂಜೆಯ ದಟ್ಟಣೆಗಳ ನಡುವೆ ನಿರ್ಮಾಣ ವಾಹನಗಳಿಗೆಂದೇ ಒಂದಿಷ್ಟು ಗಂಟೆಗಳನ್ನು ಬಿಟ್ಟುಕೊಟ್ಟು, ಅದಕ್ಕೆ ವಾರ್ಡ್ ಮಟ್ಟದಲ್ಲಿ ಪಾಸ್ ಕೊಡುವ ವ್ಯವಸ್ಥೆ ಮಾಡಬಹುದು. ಬೋರ್‌ವೆಲ್ ಲಾರಿಗಂತೂ ಕಾಂಕ್ರೀಟಿನ ಅವಸರವಿಲ್ಲ. ಅದು ರಾತ್ರಿ ಬಂದು ನಿಂತುಕೊಂಡು, ಬೆಳಿಗ್ಗೆ ಆರಕ್ಕೆ ಕೆಲಸ ಶುರು ಮಾಡಬಹುದು. ಬಿಲ್ಡರುಗಳನ್ನೂ ಲಾರಿ ಮಾಲೀಕರನ್ನೂ ಕಳ್ಳರಂತೆ ಕಾಣುವುದರಿಂದ ಈ ಸಮಸ್ಯೆ ತೀರುವುದಿಲ್ಲ. ಅವರಿಗೆ ಹಗಲಿನಲ್ಲಿ ದಾರಿ ಕೊಟ್ಟ ಮೇಲೆ ರಾತ್ರಿಯ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಲು ನಿಮಗೂ ನೈತಿಕ ಬಲ ಬರುತ್ತದೆ.

ಅಳತೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮುಚ್ಚಿದ ಜಾಗದೊಳಗಿನ ಸಂಗೀತಕ್ಕೆ, ಜನರೇಟರಿಗೆ, ಕಾರ್ಖಾನೆಗೆ ಮಾಪಕ ಬೇಕೇ ಬೇಕು. ಖಾಸಗಿ ಜಾಗದ ಧ್ವನಿ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಇರಬಾರದು ಎಂದಿರುವುದರಿಂದ, ಮನೆಗಳ ನಡುವಿನ ಛತ್ರದ ಅಥವಾ ಪಬ್ಬಿನ ಗೋಡೆಯ ಹೊರಗೆ ರಾತ್ರಿ 50 ಡೆಸಿಬಲ್ ಮೀರಬಾರದು. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಆದ್ದರಿಂದ "ಐದೋ ಹತ್ತೋ ಹೆಚ್ಚಾದರೇನು" ಎಂಬ ಮಾತು ಸಲ್ಲದು. ಆದರೆ ಮೇಲ್ಛಾವಣಿಯಿಲ್ಲದ ಟೆರೇಸಿನ ಮೇಲೆ, ಬಯಲಿನ ಪೆಂಡಾಲಿನಲ್ಲಿ ಸ್ಪೀಕರ್ ಹಾಕಿದಾಗ ಅದನ್ನು ಯಾವ ಅರ್ಥದಲ್ಲೂ ಮುಚ್ಚಿದ ಜಾಗ ಎನ್ನಲಾಗದು. ಅಲ್ಲಿ ಮತ್ತೆ ಗಡಿಯಾರವೇ ಸಾಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಆರಂಭಿಸಿದ ಶಬ್ದ ಮಾಪನ ಜಾಲದಲ್ಲಿ ಬೆಂಗಳೂರೂ ಇದೆ. ಪೀಣ್ಯ, ಯಶವಂತಪುರ, ಮಾರತಹಳ್ಳಿ, ವೈಟ್‌ಫೀಲ್ಡ್, ದೊಮ್ಮಲೂರು, ಬಿಟಿಎಂ ಬಡಾವಣೆ, ನಿಮ್ಹಾನ್ಸ್ ಮೊದಲಾದ ಹತ್ತು ಕಡೆ ಯಂತ್ರಗಳನ್ನು ನಿಲ್ಲಿಸಲಾಗಿದೆ. ಒಟ್ಟು ನಗರದ ಸ್ಥಿತಿ ತಿಳಿಯಲು ಅವು ಉಪಯುಕ್ತ. ಆದರೆ ಅವು ಕೊಡುವುದು ಹಲವು ಗಂಟೆಗಳ ಸರಾಸರಿಯನ್ನು. ನನ್ನ ತಾಯಿಯನ್ನು ಎಚ್ಚರಿಸಿದ್ದು ಸರಾಸರಿಯಾಗಿರಲಿಲ್ಲ, ಒಂದೊಂದು ರಾಡಿನ ಬಡಿತವಾಗಿತ್ತು. ನಿದ್ದೆಯಲ್ಲಿರುವ ದೇಹ ಎಚ್ಚರಾಗದಿದ್ದರೂ ಸದ್ದಿಗೆ ಸ್ಪಂದಿಸುತ್ತದೆ, ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ ಎಂದು ವೈದ್ಯರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ರಾತ್ರಿಯ ಶಬ್ದವನ್ನು ನಿದ್ರಾಭಂಗದ ಜೊತೆಗೆ ಹೃದ್ರೋಗದೊಂದಿಗೂ ಸೇರಿಸಿ ನೋಡುತ್ತದೆ.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಮಾತು ಧರ್ಮದ ಕಡೆಗೆ ತಿರುಗುವುದು ನನಗೆ ನೋವಿನ ಸಂಗತಿ. 2022ರ ಮೇ ತಿಂಗಳಲ್ಲಿ ಧ್ವನಿವರ್ಧಕಗಳಿಗೆ ಲಿಖಿತ ಅನುಮತಿ ಕಡ್ಡಾಯ ಎಂದು ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿದಾಗಲೂ ಹಾಗೆಯೇ ಆಯಿತು. ಯಾರ ಮೈಕು ಜೋರು ಎಂಬ ಜಗಳದಲ್ಲಿ ಮಲಗುವವರ ವಿಚಾರ ಹಿಂದೆ ಸರಿಯಿತು. ನಮ್ಮ ಬಡಾವಣೆಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸುತ್ತಾರೆ, ಗಣೇಶನನ್ನು ಕೂರಿಸುತ್ತಾರೆ, ನವೆಂಬರ್ ಬಂದರೆ ರಾಜ್ಯೋತ್ಸವದ ಆರ್ಕೆಸ್ಟ್ರಾ ಇರುತ್ತದೆ. ಎಲ್ಲದರಲ್ಲೂ ನಾನು ಭಾಗವಹಿಸುತ್ತೇನೆ, ಚಂದಾ ಕೊಡುತ್ತೇನೆ. ಅವು ಇಲ್ಲದ ಬೀದಿ ನನಗೂ ಬೇಡ. ನಿಯಮವೂ ಅಷ್ಟು ನಿರ್ದಯವಾಗಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 10ರಿಂದ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು, ಆ ದಿನಗಳು ಯಾವುವು ಎಂದು ಮುಂಚಿತವಾಗಿ ತಿಳಿಸಬೇಕು. 2005ರ ಅಕ್ಟೋಬರಿನಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಈ ಅಧಿಕಾರವನ್ನು ರಾಜ್ಯ ಸರ್ಕಾರವೇ ಬಳಸಬೇಕು, ಕೆಳಗಿನವರಿಗೆ ವಹಿಸಿಕೊಡುವಂತಿಲ್ಲ, ನಿಶ್ಶಬ್ದ ವಲಯಕ್ಕೆ ಇದು ಅನ್ವಯಿಸುವುದಿಲ್ಲ ಎಂದೂ ಹೇಳಿತು. ಆ ಹದಿನೈದು ದಿನಗಳ ಪಟ್ಟಿಯನ್ನು ಪ್ರತಿ ಜನವರಿಯಲ್ಲಿ ಪ್ರತಿಯೊಂದು ಠಾಣೆಯ ಮತ್ತು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿದರೆ, ಪೆಂಡಾಲ್ ಹಾಕುವ ಹುಡುಗರಿಗೂ ಮನೆಯಲ್ಲಿ ರೋಗಿಯನ್ನು ಇಟ್ಟುಕೊಂಡವರಿಗೂ ಒಂದೇ ಪಟ್ಟಿ ಕಣ್ಣೆದುರಿಗಿರುತ್ತದೆ. ಠಾಣೆಯವರಿಗೂ ಸ್ಥಳೀಯ ಮುಖಂಡರ ಫೋನ್ ಕರೆಗಳಿಗೆ ಉತ್ತರಿಸುವ ಕಷ್ಟ ತಪ್ಪುತ್ತದೆ.

ಅದೇ 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಶಬ್ದ ಮಾಲಿನ್ಯದ ಕುರಿತು ಕೊಟ್ಟ ದೊಡ್ಡ ತೀರ್ಪಿನ ಹಿನ್ನೆಲೆಯನ್ನು ಇಲ್ಲಿ ನೆನಪಿಸಬೇಕು. ಅತ್ಯಾಚಾರಕ್ಕೊಳಗಾದ ಹದಿಮೂರು ವರ್ಷದ ಬಾಲಕಿಯೊಬ್ಬಳ ಕೂಗು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ ಎಂಬ ಸುದ್ದಿ ಓದಿ ಒಬ್ಬ ಎಂಜಿನಿಯರ್ ಹೂಡಿದ ಅರ್ಜಿ ಅದು. ಮಾತಾಡುವ ಹಕ್ಕು ಒಬ್ಬರಿಗಿದ್ದರೆ ಕೇಳದಿರುವ ಹಕ್ಕು ಇನ್ನೊಬ್ಬರಿಗಿದೆ, ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿ ಕೊಟ್ಟ ಹಕ್ಕಿನಲ್ಲಿ ಅಡಕವಾಗಿದೆ ಎಂಬ ನಿಲುವನ್ನು ನ್ಯಾಯಾಲಯ ಅಲ್ಲಿ ತಳೆಯಿತು.

ದೂರು ಕೊಡುವವರ ಸಂಕಟವನ್ನೂ ಹೇಳಬೇಕು. ಶಬ್ದದ ದೂರು ಬಹುತೇಕ ಯಾವಾಗಲೂ ಗೊತ್ತಿರುವವರ ಮೇಲೆಯೇ. ನಾಳೆ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಅವರ ಮುಖ ನೋಡಬೇಕು. ಸ್ಥಳಕ್ಕೆ ಬಂದ ಸಿಬ್ಬಂದಿ ಸಹಜವಾಗಿಯೇ "ಮೇಲಿನ ಮನೆಯವರು ಕಂಪ್ಲೇಂಟ್ ಕೊಟ್ಟಿದ್ದಾರೆ, ಸ್ವಲ್ಪ ಕಡಿಮೆ ಮಾಡಿ" ಎಂದುಬಿಟ್ಟರೆ, ಆ ಒಂದು ಮಾತಿಗೆ ವರ್ಷಗಟ್ಟಲೆ ಬೆಲೆ ತೆರಬೇಕಾಗುತ್ತದೆ. ನಮ್ಮ ಬೀದಿಯ ಒಬ್ಬ ಹಿರಿಯರು ಇದೇ ಕಾರಣಕ್ಕೆ ದೂರು ಕೊಡುವುದನ್ನೇ ಬಿಟ್ಟು, ಹತ್ತಿಯನ್ನು ಕಿವಿಗೆ ತುಂಬಿಕೊಂಡು ಮಲಗುತ್ತಾರೆ. ದೂರುದಾರರ ಹೆಸರು, ಮನೆ, ಫೋನ್ ಸಂಖ್ಯೆ ಯಾವುದನ್ನೂ ಸ್ಥಳದಲ್ಲಿ ಹೇಳಬಾರದು ಎಂಬ ಒಂದು ಸಾಲಿನ ಸೂಚನೆ ಸಿಬ್ಬಂದಿಗೆ ಹೋದರೆ ಎಷ್ಟೋ ಜನರಿಗೆ ಫೋನ್ ಎತ್ತುವ ಧೈರ್ಯ ಬರುತ್ತದೆ.

ನಿದ್ದೆಯ ಬಗ್ಗೆ ದೂರುವವರು ದೊಡ್ಡ ಮನೆಗಳ ಸೂಕ್ಷ್ಮ ಜನ ಎಂಬ ಭಾವನೆ ಕೆಲವರಲ್ಲಿದೆ. ದೊಡ್ಡ ಮನೆಯವರಿಗೆ ಎರಡು ಪದರದ ಗಾಜಿನ ಕಿಟಕಿ ಹಾಕಿಸಲು, ಎ.ಸಿ. ಹಾಕಿಕೊಂಡು ಬಾಗಿಲು ಮುಚ್ಚಲು ಸಾಧ್ಯವಿದೆ. ನಮ್ಮ ಬೀದಿಯ ಕೊನೆಯಲ್ಲಿ ಶೀಟಿನ ಮನೆಯಲ್ಲಿರುವ ಪೌರಕಾರ್ಮಿಕ ಮಹಿಳೆಗೆ ಅದು ಸಾಧ್ಯವಿಲ್ಲ. ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟೇ ಮಲಗುವ ಅವರು ಬೆಳಗಿನ ಹಾಜರಿಗೆ ಹೋಗಲು ನಾಲ್ಕೂವರೆಗೆ ಏಳಬೇಕು. ಆ ಬೋರ್‌ವೆಲ್ ರಾತ್ರಿಯ ಮರುದಿನ ಅವರು ಕಣ್ಣು ಕೆಂಪಗೆ ಮಾಡಿಕೊಂಡು ಪೊರಕೆ ಹಿಡಿದು ನಮ್ಮ ಮನೆಯ ಮುಂದಿನ ಅದೇ ಕಲ್ಲುಪುಡಿಯನ್ನು ಗುಡಿಸುತ್ತಿದ್ದರು. ಆ ಲಾರಿಯ ಮೇಲೆ ರಾತ್ರಿಯಿಡೀ ರಾಡ್ ಎತ್ತಿದ ಹುಡುಗರ ಕಿವಿಗೂ ಯಾವ ರಕ್ಷಣೆ ಇರಲಿಲ್ಲ ಎಂಬುದನ್ನೂ ನಾನು ನೋಡಿದ್ದೇನೆ.

ಶಿಕ್ಷೆಯ ವಿಷಯದಲ್ಲಿ ಕಾನೂನು ಈಚೆಗೆ ಬದಲಾಗಿದೆ. ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಲ್ಲಿದ್ದ ಜೈಲು ಶಿಕ್ಷೆಯನ್ನು ತೆಗೆದು, 2024ರ ಏಪ್ರಿಲ್‌ನಿಂದ 10 ಸಾವಿರ ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ತರಲಾಗಿದೆ, ಅದನ್ನು ನಿಯೋಜಿತ ನ್ಯಾಯನಿರ್ಣಯ ಅಧಿಕಾರಿ ವಿಧಿಸುತ್ತಾರೆ. ಆ ಅಧಿಕಾರಿಯ ಮುಂದೆ ಪ್ರಕರಣ ನಿಲ್ಲಬೇಕಾದರೆ ಆ ರಾತ್ರಿಯ ದಾಖಲೆ ಬೇಕು. ಆ ಹೊತ್ತಿನಲ್ಲಿ ಸ್ಥಳಕ್ಕೆ ಬರುವವರು ಪೊಲೀಸರು ಮಾತ್ರ. ಹಾಗಾಗಿ ಅವರು ಬರೆಯುವ ಅರ್ಧ ಪುಟದ ಮಹಜರಿನ ಮೇಲೆ ಉಳಿದೆಲ್ಲವೂ ನಿಂತಿದೆ. ಸಮಯ, ಸ್ಥಳ, ಯಂತ್ರದ ಅಥವಾ ಸ್ಪೀಕರಿನ ವಿವರ, ವಾಹನದ ನೋಂದಣಿ ಸಂಖ್ಯೆ, ಒಂದು ನಿಮಿಷದ ವಿಡಿಯೊ, ಅನುಮತಿ ಪತ್ರ ತೋರಿಸಿದರೇ ಇಲ್ಲವೇ ಎಂಬುದು. ಇಷ್ಟನ್ನು ತುಂಬುವ ಒಂದು ಮುದ್ರಿತ ನಮೂನೆ ಪ್ರತಿ ಹೊಯ್ಸಳ ವಾಹನದಲ್ಲಿ ಇರಲಿ. ಅದರ ತಲೆಯಲ್ಲಿ, ರಾತ್ರಿ 10ರ ನಂತರದ ಧ್ವನಿವರ್ಧಕ ಮತ್ತು ನಿರ್ಮಾಣ ಯಂತ್ರದ ದೂರಿಗೆ ಡೆಸಿಬಲ್ ಅಳತೆ ಅಗತ್ಯವಿಲ್ಲ ಎಂದು ಸ್ಪಷ್ಟ ಕನ್ನಡದಲ್ಲಿ ಅಚ್ಚಾಗಿರಲಿ. ದೂರು ಕೊಟ್ಟವರಿಗೆ ಅದರ ಮೇಲೆ ಒಂದು ಹಿಂಬರಹ ಸಿಗಲಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಪಾಲಿಕೆಗೂ ಆ ನಮೂನೆಯ ಪ್ರತಿ ಬೆಳಿಗ್ಗೆ ತಾನಾಗಿ ತಲುಪಲಿ, ನಿದ್ದೆಗೆಟ್ಟ ನಾಗರಿಕರು ಮತ್ತೊಂದು ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯ ಬಾರದಿರಲಿ.

ನನ್ನ ತಾಯಿ ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಆ ಪಕ್ಕದ ಸೈಟಿನಲ್ಲಿ ಪಾಯ ಮುಗಿದಿದೆ, ಮುಂದಿನ ವಾರಗಳಲ್ಲಿ ಮೊದಲ ಮಹಡಿಯ ಮೋಲ್ಡ್ ಹಾಕುತ್ತಾರಂತೆ. ಅದು ಹಗಲಿನಲ್ಲಿ ನಡೆಯುವಂತೆ ಮಾಲೀಕರನ್ನು ನಾನೇ ಹೋಗಿ ಕೇಳಿಕೊಂಡಿದ್ದೇನೆ. ಲಾರಿಗೆ ಹಗಲು ದಾರಿ ಸಿಕ್ಕರೆ ಖಂಡಿತ ಹಾಗೆಯೇ ಮಾಡಿಸುತ್ತೇನೆ ಎಂದು ಅವರೂ ಹೇಳಿದ್ದಾರೆ. ಆ ದಾರಿಯನ್ನು ಕೊಡುವುದು ನಿಮ್ಮ ಕೈಯಲ್ಲಿದೆ. ಈ ಪತ್ರದ ಒಂದು ಪ್ರತಿಯನ್ನು ನಮ್ಮ ಬಡಾವಣೆಯ ನಿವಾಸಿಗಳ ಸಹಿಯೊಂದಿಗೆ ನಿಮ್ಮ ನಾಲ್ಕೂ ಕಚೇರಿಗಳಿಗೆ ಖುದ್ದಾಗಿ ತಲುಪಿಸಿ ಸ್ವೀಕೃತಿ ಪಡೆಯುತ್ತೇನೆ, ಲಿಖಿತ ಉತ್ತರಕ್ಕಾಗಿ ಕಾಯುತ್ತೇನೆ.

ಇಂತಿ,
ಬೆಂಗಳೂರು ದಕ್ಷಿಣದ ಬಡಾವಣೆಯೊಂದರ ನಿವಾಸಿ